ಕಿವಿಗೊಂದು ಕದ

ಜೂನ್ 3, ಸೋಮವಾರ

ಮಗಳು ಬೆಳಿಗ್ಗೆ ಬಂದು ಎರಡು ಸಾಮಾನು ಇಳಿಸಿ ಹೋದಳು. ಒಂದು, ಅವಳ ಏಳು ತಿಂಗಳ ಹೆಣ್ಣುಮಗು. ಇನ್ನೊಂದು, ನನಗೊಂದು ಹೆಡ್‌ಫೋನು. ತಂತಿಯಿಲ್ಲದ್ದು, ಸುತ್ತಲಿನ ಸದ್ದನ್ನೆಲ್ಲ ಅಡಗಿಸುವಂಥದ್ದು. ಮಗುವನ್ನು ಅಜ್ಜಿಯ ಕೈಗೆ ಕೊಟ್ಟಳು, ಹೆಡ್‌ಫೋನನ್ನು ನನ್ನ ಕೈಗೆ. "ಇನ್ನು ಗೊಣಗೋ ಹಾಗಿಲ್ಲ ಅಪ್ಪ" ಎಂದು ಮೊದಲೇ ಬಾಯಿಗೆ ಬೀಗ ಹಾಕಿದಳು.

ಎರಡೂ ಒಂದು ತಿಂಗಳ ಪರೀಕ್ಷೆಗೆ. ಹೆಡ್‌ಫೋನು ಹಿಡಿಸದಿದ್ದರೆ ಅಂಗಡಿಯವರು ವಾಪಸು ತಗೊಳ್ಳುತ್ತಾರಂತೆ, ಅದಕ್ಕೇ ಅದರ ಒಳ್ಳೇದು ಕೆಟ್ಟದ್ದನ್ನು ಇಲ್ಲಿ ಬರೆದಿಡೋಣ ಎಂದುಕೊಂಡಿದ್ದೇನೆ. ಮಗುವಿನ ವಿಷಯವೂ ಹಾಗೇ. ಮಗಳು ಮತ್ತೆ ಕೆಲಸಕ್ಕೆ ಸೇರಿದ್ದಾಳೆ. ಅವಳ ಆಫೀಸಿನ ಪಕ್ಕದಲ್ಲೇ ಡೇ ಕೇರ್ ಇದೆ, ಅಳಿಯನಿಗೆ ಅದೇ ಸರಿ ಅನ್ನಿಸಿದೆ. ನನ್ನ ಹೆಂಡತಿ ಕಾಡಿ ಬೇಡಿ ಒಂದು ತಿಂಗಳು ಹಗಲು ಹೊತ್ತು ಮಗುವನ್ನು ಇಲ್ಲಿ ಬಿಡಲು ಒಪ್ಪಿಸಿದ್ದಾಳೆ. ಇಲ್ಲಿ ಸರಿಹೋದರೆ ಸರಿ, ಇಲ್ಲದಿದ್ದರೆ ಮುಂದಿನ ತಿಂಗಳಿಂದ ಮಗು ಅಲ್ಲಿಗೆ.

ಇವಳ ಮುಖ ನೋಡಬೇಕಿತ್ತು. ಹೋದ ವರ್ಷ ಇದ್ದಕ್ಕಿದ್ದ ಹಾಗೆ ಟಿಕೆಟ್ ಕೌಂಟರಿನ ಕೆಲಸ ಬಿಟ್ಟಾಗಿನಿಂದ ಆ ಮುಖದಲ್ಲಿ ಇಷ್ಟು ಕಳೆ ಕಂಡಿರಲಿಲ್ಲ. ಗಾಜಿನಾಚೆ ನಿಂತ ಜನಕ್ಕೆ ನೆಟ್ಟಗೆ ಮಾತಾಡಲು ಬರುವುದಿಲ್ಲ, ಎಲ್ಲರೂ ಬಾಯೊಳಗೇ ಗೊಣಗುತ್ತಾರೆ ಎಂದು ರೇಗಿ ಬಿಟ್ಟು ಬಂದವಳು. ಆಮೇಲೆ ಕಿಟಕಿ ಪಕ್ಕ ಕೂತು ದಿನ ದೂಡುತ್ತಿದ್ದಳು. ಈ ಮಗುವೂ ಕೈತಪ್ಪಿದರೆ ಇವಳು ಹಾಸಿಗೆ ಹಿಡಿಯುತ್ತಾಳೆ, ಅದು ನನಗೆ ಗೊತ್ತು.

ನನ್ನ ಪಾಡು ಕೇಳುವವರಿಲ್ಲ. ನಾನು ಮನೆಯಿಂದಲೇ ಕೆಲಸ ಮಾಡುವವನು. ಫ್ರಿಜ್ಜು, ವಾಷಿಂಗ್ ಮೆಷಿನ್ ಕೆಟ್ಟವರು ಕಂಪನಿಗೆ ಫೋನ್ ಮಾಡಿ ಗೋಳಾಡುತ್ತಾರಲ್ಲ, ಆ ಕರೆಗಳ ರೆಕಾರ್ಡಿಂಗ್ ಕೇಳಿ, ಆ ಕಡೆಯ ಹುಡುಗ ಹುಡುಗಿಯರಿಗೆ ಅಂಕ ಹಾಕುವುದು. ಗ್ರಾಹಕರ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡರೇ? ನಡುವೆ ಬಾಯಿ ಹಾಕಿದರೇ? ಈ ಕೆಲಸಕ್ಕೆ ಮೌನ ಬೇಕು. ಮಹಡಿಯ ಮೇಲಿನವರು ನೆಲ ಒಡೆಸುತ್ತಿದ್ದಾರೆ, ಡ್ರಿಲ್ಲಿನ ಸದ್ದಿಗೆ ಹಲ್ಲೆಲ್ಲ ಜುಮ್ಮೆನ್ನುತ್ತದೆ. ಟಿವಿ ಬೇರೆ. ಈಗ ಮಗು ಬೇರೆ.

ಜೂನ್ 4, ಮಂಗಳವಾರ

ಒಳ್ಳೇದು: ಎಲ್ಲವೂ. ಗುಂಡಿ ಒತ್ತಿದೊಡನೆ ಡ್ರಿಲ್ಲು ಮಾಯ, ಫ್ಯಾನು ಮಾಯ, ಟಿವಿ ಮಾಯ, ಮಗು ಮಾಯ, ಹೆಂಡತಿ ಮಾಯ. ಕಿವಿಗೆ ಇಂಥದೊಂದು ಕದ ಇದೆಯೆಂದು ಮೊದಲೇ ಗೊತ್ತಿದ್ದರೆ ನಾನು ಇನ್ನೂ ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತಿದ್ದೆ.

ಕೆಟ್ಟದ್ದು: ಸದ್ಯಕ್ಕೆ ಏನೂ ಇಲ್ಲ.

ಜೂನ್ 7, ಶುಕ್ರವಾರ

ಕೆಟ್ಟದ್ದು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಕಿವಿ ಬೆವರುತ್ತದೆ. ಕನ್ನಡಕದ ಕಡ್ಡಿ ಒತ್ತಿ ಎರಡೂ ಕಡೆ ಕೆಂಪು ಗೀರು. ಬಿಸ್ಕತ್ತು ಅಗಿದರೆ ತಲೆಯೊಳಗೆ ಯಾರೋ ಜಲ್ಲಿ ಸುರಿದ ಹಾಗೆ ಕೇಳುತ್ತದೆ. ಇಷ್ಟಾದರೂ ಡ್ರಿಲ್ಲಿಗಿಂತ ವಾಸಿ.

ಇನ್ನೊಂದು ತಮಾಷೆ. ಇವಳಿಗೆ ಹೆಡ್‌ಫೋನಿನ ಮೇಲೆ ಸಿಟ್ಟು ಬಂದಿದೆ. ನಮ್ಮ ಸಂಸಾರ ಮದುವೆಯಾದಾಗಿನಿಂದ ಗೋಡೆಯ ಮೂಲಕವೇ ನಡೆದದ್ದು. ನಾನು ಈ ಕೋಣೆಯಿಂದ ಒಂದು ಮಾತು ಎಸೆದರೆ ಅವಳು ಅಡುಗೆಮನೆಯಿಂದ ಒಂದು ಎಸೆಯುತ್ತಿದ್ದಳು. ಎದುರುಬದುರು ಕೂತು ಮಾತಾಡಿದ್ದು ಕಡಿಮೆ, ಜಗಳವನ್ನೂ ಗೋಡೆಯ ಆಚೀಚೆ ನಿಂತೇ ಆಡಿದ್ದೇವೆ. ಇವತ್ತು ಹೆಡ್‌ಫೋನು ತೆಗೆದಿಟ್ಟು, ಚಹಾ ಸಿಗತ್ತಾ ಎಂದು ಇಲ್ಲಿಂದಲೇ ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಊಹೂಂ. ನೋಡಿದರೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆರಾಮಾಗಿ ಕೂತಿದ್ದಾಳೆ. ಮುನಿಸಿಕೊಳ್ಳುವುದಕ್ಕೂ ಒಂದು ಮಿತಿ ಬೇಡವೇ. ನಾನೂ ಮುಖ ಊದಿಸಿಕೊಂಡು ವಾಪಸು ಬಂದೆ.

ಜೂನ್ 11, ಮಂಗಳವಾರ

ಅಡುಗೆಮನೆಗೆ ಕನ್ನಡಿ ಬಂದಿದೆ. ಬಚ್ಚಲಲ್ಲಿ ಇದ್ದದ್ದನ್ನು ಕಿತ್ತು ತಂದು ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದಾಳೆ. ಈ ವಯಸ್ಸಲ್ಲಿ ತರಕಾರಿ ಹೆಚ್ಚುತ್ತಾ ಸೌಂದರ್ಯ ನೋಡಿಕೊಳ್ಳುವ ಆಸೆಯೇ ಎಂದು ಚುಡಾಯಿಸಿದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನಾನು ಈಗ ಗಡ್ಡ ಹೆರೆಯಲು ಅಡುಗೆಮನೆಗೆ ಹೋಗಬೇಕು.

ಟಿವಿ ಸದ್ದು ಇನ್ನೂ ಏರಿದೆ. ಕದ ಹಾಕಿದ್ದರೂ ಹೆಡ್‌ಫೋನಿನೊಳಗೆ ಒಂದಿಷ್ಟು ನುಸುಳುತ್ತದೆ. ನನ್ನನ್ನು ಕೆಣಕಲೆಂದೇ ಮಾಡುತ್ತಿದ್ದಾಳೆ ಎನ್ನುವುದರಲ್ಲಿ ಅನುಮಾನವಿಲ್ಲ.

ಒಂದು ಕರೆಯಲ್ಲಿ ಒಬ್ಬ ಮುದುಕ, ಫ್ರಿಜ್ಜು ಕೆಟ್ಟದ್ದು ಬಿಟ್ಟು ಊರ ಕಥೆಯೆಲ್ಲ ಹೇಳುತ್ತಿದ್ದ. ಹುಡುಗಿ ನಡುವೆಯೇ ತಡೆದು ಬಿಲ್ ನಂಬರ್ ಕೇಳಿದಳು. ಕೇಳಿಸಿಕೊಳ್ಳುವ ಸೌಜನ್ಯವಿಲ್ಲ ಎಂದು ಅಂಕ ಕತ್ತರಿಸಿದೆ.

ಜೂನ್ 13, ಗುರುವಾರ

ಸುಸ್ತು. ಕೂತು ಕೂತೇ ಸುಸ್ತಾಗುತ್ತದೆ ಎಂದರೆ ಯಾರೂ ನಂಬುವುದಿಲ್ಲ.

ಇವಳು ಮಗುವನ್ನು ಕೆಳಗೆ ಇಳಿಸುವುದೇ ಇಲ್ಲ. ಡುಮ್ಮಿ ಎಂದು ಹೆಸರಿಟ್ಟಿದ್ದೇನೆ, ಹೆಸರಿಗೆ ತಕ್ಕ ಭಾರ ಇದೆ. ಆ ಭಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಪಾತ್ರೆ ತೊಳೆಯುತ್ತಾಳೆ, ಸೊಂಟಕ್ಕೆ ಸಿಕ್ಕಿಸಿಕೊಂಡೇ ನೆಲ ಗುಡಿಸುತ್ತಾಳೆ. ಮಲಗಿದರೆ ತೊಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಅದರ ಮುಖವನ್ನೇ ನೋಡುತ್ತಾ ಕೂರುತ್ತಾಳೆ. ಸಂಜೆ ಮಗಳು ಬಂದು ಕರೆದುಕೊಂಡು ಹೋದ ಮೇಲೆ ಬೆನ್ನಿಗೆ ಮುಲಾಮು ಹಚ್ಚಿ ಎಂದು ನನ್ನ ಮುಂದೆ ಬೆನ್ನು ಒಡ್ಡುತ್ತಾಳೆ. ಹೀಗೆ ಮುದ್ದು ಮಾಡಿದರೆ ಮಗು ಕೆಡುತ್ತದೆ, ಅತ್ತರೆ ಎತ್ತಿಕೊಂಡರೆ ಸಾಕು ಎಂದು ಬೆನ್ನ ಹಿಂದಿನಿಂದ ಬುದ್ಧಿ ಹೇಳಿದೆ. ಇವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಹೆಡ್‌ಫೋನು: ಪರವಾಗಿಲ್ಲ. ಇಟ್ಟುಕೊಳ್ಳಬಹುದು.

ಜೂನ್ 18, ಮಂಗಳವಾರ

ಕೆಟ್ಟದ್ದು: ಚಾರ್ಜು ಮುಗಿಯುವ ಮುಂಚೆ ಸರಿಯಾಗಿ ಹೇಳುವುದಿಲ್ಲ. ಒಂದು ಕರೆಯ ನಡುವೆ ಕುಂಯ್ ಎಂದು ಸತ್ತೇಹೋಯಿತು.

ಕದ ತೆರೆದ ಹಾಗೆ ಮನೆಯ ಸದ್ದೆಲ್ಲ ನುಗ್ಗಿ ಬಂತು. ಮಗು ಅಳುತ್ತಿತ್ತು. ಈಗ ಶುರುವಾದ ಅಳು ಅಲ್ಲ. ಗಂಟಲು ಕಟ್ಟಿ, ಕೂಗು ಒಡೆದು, ನಡುನಡುವೆ ಉಸಿರು ಸಿಕ್ಕದೆ ಬಿಕ್ಕುವ ಅಳು. ಇವಳು ಎಲ್ಲೋ ಬಿದ್ದಿದ್ದಾಳೆ ಎಂದುಕೊಂಡೇ ಓಡಿದೆ.

ಇವಳು ಬಿದ್ದಿರಲಿಲ್ಲ. ಅದೇ ಕೋಣೆಯಲ್ಲಿ, ತೊಟ್ಟಿಲಿಗೆ ಬೆನ್ನು ಹಾಕಿ, ಒಗೆದ ಹೊದಿಕೆಯನ್ನು ಎರಡೂ ಕೈ ಚಾಚಿ ಹಿಡಿದು ಮಡಿಸುತ್ತಾ ನಿಂತಿದ್ದಳು. ಕೈ ಚಾಚಿದರೆ ತೊಟ್ಟಿಲು ಸಿಗುವಷ್ಟು ಹತ್ತಿರ. ಮೆಲ್ಲಗೆ ಏನೋ ಗುನುಗುತ್ತಿದ್ದಳು. ಅಷ್ಟು ನೆಮ್ಮದಿಯಾಗಿ ಅವಳನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಮಗುವನ್ನು ಎತ್ತಿಕೊಂಡೆ. ಅವಳು ತಿರುಗಿದಳು. ಡುಮ್ಮಿಯ ಮುಖ ಪೂರ್ತಿ ಒದ್ದೆ, ಕೆಂಪು. ಇವಳು ಮಗುವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹೊದಿಕೆ ಕೈಯಿಂದ ಜಾರಿತು.

"ಈಗಷ್ಟೇ ಎದ್ದಳಾ?" ಎಂದಳು.

"ಈಗಷ್ಟೇ" ಎಂದೆ.

ಜೂನ್ 19, ಬುಧವಾರ

ಬರೆಯಲು ಮನಸ್ಸಿಲ್ಲ. ಟಿವಿ, ಚಹಾ, ಗಾಜಿನಾಚೆ ಗೊಣಗುವ ಜನ. ಅಡುಗೆಮನೆಗೆ ಹೋಗಿ, ಅವಳು ತರಕಾರಿ ಹೆಚ್ಚುವ ಜಾಗದಲ್ಲಿ ನಿಂತು ಕನ್ನಡಿ ನೋಡಿದೆ. ನನ್ನ ಮುಖ ಕಾಣಲಿಲ್ಲ. ನೇರವಾಗಿ ತೊಟ್ಟಿಲು ಕಂಡಿತು.

ಜೂನ್ 20, ಗುರುವಾರ

ಹೆಡ್‌ಫೋನಿನ ಬಲಗಡೆ ಇನ್ನೊಂದು ಗುಂಡಿ ಇದೆ. ಅದನ್ನು ಒತ್ತಿದರೆ ಹೊರಗಿನ ಸದ್ದನ್ನು ತಡೆಯುವ ಬದಲು ಒಳಗೆ ಬಿಡುತ್ತದೆ, ಬರಿಗಿವಿಗೆ ಕೇಳುವುದಕ್ಕಿಂತ ಒಂದು ಪಟ್ಟು ಹೆಚ್ಚಾಗಿಯೇ. ರಸ್ತೆ ದಾಟುವವರಿಗಂತೆ. ಮನೆಯೊಳಗೆ ಕೂತವನಿಗೆ ಅದರಿಂದೇನು ಉಪಯೋಗ ಎಂದು ಮುಟ್ಟಿರಲಿಲ್ಲ. ಇವತ್ತಿಡೀ ಅದನ್ನೇ ಹಾಕಿಕೊಂಡಿದ್ದೆ. ಡ್ರಿಲ್ಲು ಈಗ ನೇರವಾಗಿ ತಲೆಬುರುಡೆಗೇ ಇಳಿಯುತ್ತದೆ.

ಡುಮ್ಮಿ ಎದ್ದ ಸದ್ದು ಬಂದರೆ ನೀರು ಕುಡಿಯುವ ನೆಪದಲ್ಲಿ ಆಚೆ ಹೋಗುತ್ತೇನೆ. ನಾನು ಓಡಾಡಿದರೆ ಇವಳು ತಲೆಯೆತ್ತುತ್ತಾಳೆ, ತಲೆಯೆತ್ತಿದರೆ ಮಗು ಕಣ್ಣಿಗೆ ಬೀಳುತ್ತದೆ, ಹೋಗಿ ಎತ್ತಿಕೊಳ್ಳುತ್ತಾಳೆ. ನಾನು ನೀರು ಕುಡಿದು ವಾಪಸು ಬರುತ್ತೇನೆ. ಅವಳಿಗೆ ಏನೂ ಗೊತ್ತಾಗುವುದಿಲ್ಲ. ನನಗೆ ಮಾತ್ರ ಬಚ್ಚಲಿಗೆ ಹೋಗಿ ಹೋಗಿ ಸಾಕಾಯಿತು.

ಮಗಳಿಗೆ ಹೇಳಬೇಕು. ಹೇಳಿದರೆ ನಾಳೆಯೇ ಮಗು ಡೇ ಕೇರಿಗೆ. ಹೇಳುವುದಿಲ್ಲ, ಸದ್ಯಕ್ಕೆ. ನಾನಿದ್ದೇನಲ್ಲ.

ಜೂನ್ 24, ಸೋಮವಾರ

ಸತ್ತು ಸುಣ್ಣವಾಗಿದ್ದೇನೆ. ಕಿವಿಯೊಳಗೆ ಗ್ರಾಹಕರು, ಕಿವಿಯ ಹೊರಗೆ ಡುಮ್ಮಿ. ನಿದ್ದೆ ಬಂದಾಗ ಅವಳು ಮೂಗಿನಲ್ಲಿ ರಾಗ ಎಳೆಯುತ್ತಾಳೆ, ಬಾಗಿಲಿನ ತಿರುಗಣಿಗೆ ಎಣ್ಣೆ ಬೇಕಾದಾಗ ಬರುವಂಥ ಸದ್ದು. ಹಸಿವಾದರೆ ರಾಗವಿಲ್ಲ, ಚಿಕ್ಕ ಚಿಕ್ಕ ತುಂಡು, ಹೆ ಹೆ ಹೆ ಎಂದು ಮೂರ್ನಾಲ್ಕು ಸಲ ಎಚ್ಚರಿಕೆ ಕೊಟ್ಟು ಆಮೇಲೆ ದೊಡ್ಡದು. ಬರೀ ಬೇಜಾರಾದರೆ ಅತ್ತ ಹಾಗೆ ಮಾಡಿ, ಯಾರಾದರೂ ಬಂದರೇ ಎಂದು ನಿಲ್ಲಿಸಿ ಕೇಳಿಸಿಕೊಳ್ಳುತ್ತಾಳೆ, ಕಳ್ಳಿ. ಶನಿವಾರದಿಂದ ತುಟಿ ಕೂಡಿಸಿ ಬ್ಬ ಬ್ಬ ಅನ್ನಲು ಕಲಿತಿದ್ದಾಳೆಂದು ಮಗಳು ಹೇಳಿದ್ದು ನಿಜ, ಇವತ್ತು ಕೇಳಿದೆ. ತನ್ನ ಕಾಲಿನ ಬೆರಳಿಗೆ ಹೇಳುತ್ತಿದ್ದಳು.

ಮೇಡಂ ಫೋನ್ ಮಾಡಿದ್ದರು. ನನಗೆ ಕೆಲಸ ಹಂಚುವವರು, ನನ್ನ ಮಗಳಿಗಿಂತ ಚಿಕ್ಕವರು. ನಿಮ್ಮ ಕೆಲಸ ನಿಧಾನವಾಗಿದೆ, ಅದೂ ಅಲ್ಲದೆ ಎಲ್ಲರಿಗೂ ಪೂರ್ತಿ ಅಂಕ ಕೊಡುತ್ತಿದ್ದೀರಿ, ಯಾಕೆ ಎಂದು ಕೇಳಿದರು. ಒಬ್ಬ ಹುಡುಗ, ಗಂಡನನ್ನು ಕಳಕೊಂಡ ಹೆಂಗಸು ಅತ್ತು ಮುಗಿಸುವವರೆಗೂ ಬಾಯಿಬಿಡದೆ ಕಾದಿದ್ದ. ಕರೆ ಉದ್ದವಾಯಿತೆಂದು ಅವನಿಗೆ ಅಂಕ ಕಳೆಯಬೇಕಂತೆ. ನನ್ನ ಕೈಲಿ ಆಗಲಿಲ್ಲ.

ಹೆಡ್‌ಫೋನು: ಕಿವಿ ಬೆವರುವುದು ಬಿಟ್ಟರೆ ತೊಂದರೆಯಿಲ್ಲ.

ಜೂನ್ 27, ಗುರುವಾರ

ನಾಳೆ ಇಡೀ ದಿನ ಕಚೇರಿಗೆ ಬಂದು ಕೂರಬೇಕಂತೆ, ಅಂಕ ಹಾಕುವುದನ್ನು ಮತ್ತೆ ಹೇಳಿಕೊಡುತ್ತಾರಂತೆ. ಇವಳೊಬ್ಬಳ ಕೈಲಿ ಮಗುವನ್ನು ಬಿಟ್ಟು ಹೋಗುವುದು ಹೇಗೆ? ಹೋಗದಿದ್ದರೆ ಕೆಲಸಕ್ಕೇ ಸಂಚಕಾರ. ಮಗಳು ಬೇರೆ ಮಧ್ಯಾಹ್ನ ಫೋನ್ ಮಾಡಿ, ಈಚೆಗೆ ಯಾವಾಗ ಮಾಡಿದರೂ ನೀನೇ ಎತ್ತುತ್ತೀಯಲ್ಲ, ಅಮ್ಮ ಎಲ್ಲಿ ಎಂದು ಕೇಳಿದಳು. ಏನೋ ಕೆಲಸದಲ್ಲಿದ್ದಾಳೆ ಎಂದೆ. ಪರೀಕ್ಷೆಯ ತಿಂಗಳು ಮುಗಿಯುತ್ತಾ ಬಂತು. ಇನ್ನು ಸ್ವಲ್ಪ ದಿನ ದಾಟಿಸಿದರೆ ಮಗು ಇಲ್ಲೇ ಉಳಿಯುತ್ತದೆ.

ಜ್ವರ ಎಂದು ಹೇಳಿಬಿಟ್ಟೆ.

ಜೂನ್ 28, ಶುಕ್ರವಾರ

ಜ್ವರ ಬಂದವನ ಹಾಗೆ ಹೊದ್ದು ಮಲಗಿದ್ದೆ. ಇವಳು ಮಗುವನ್ನು ಎತ್ತಿಕೊಂಡೇ ಬಂದು ಹಣೆ ಮುಟ್ಟಿ ನೋಡಿದಳು. ನಾನು ಗೋಡೆಯ ಕಡೆ ತಿರುಗಿ, ಒಳಜ್ವರ, ಹೊರಗೆ ಗೊತ್ತಾಗುವುದಿಲ್ಲ ಎಂದೆ.

"ಈ ಕಡೆ ತಿರುಗಿ ಹೇಳಿ" ಎಂದಳು. "ಗೋಡೆಗೆ ಹೇಳಬೇಡಿ."

ತಿರುಗಿದೆ. ಅವಳು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ಅದು ಇವತ್ತು ಮೊದಲನೆಯ ಸಲ ಇರಲಾರದು. ನನಗೆ ಕಂಡದ್ದು ಇವತ್ತು.

"ನೀವು ನೀರು ಕುಡಿಯೋಕೆ ಎದ್ದಾಗೆಲ್ಲ ಮಗು ಅಳ್ತಿರತ್ತೆ" ಎಂದಳು. "ನನಗೆ ಕಿವಿ ಹೋಗಿದೆ, ತಲೆ ಹೋಗಿಲ್ಲ."

ಜಗಳವಾಡಲು ನನಗೆ ಶಕ್ತಿ ಇರಲಿಲ್ಲ. ಅವಳಿಗೂ ಇರಲಿಲ್ಲ ಅನ್ನಿಸುತ್ತದೆ. ಮಂಚದ ತುದಿಯಲ್ಲಿ ಕೂತು ಎಲ್ಲ ಹೇಳಿದಳು. ಕೌಂಟರಿನಲ್ಲಿ ಒಬ್ಬರಿಗೆ ಬೇರೆ ಊರಿನ ಟಿಕೆಟ್ ಕೊಟ್ಟು, ಅವರು ಎಲ್ಲರೆದುರು ಬೈದ ಮೇಲೆ ಕೆಲಸ ಬಿಟ್ಟದ್ದು. ಡಾಕ್ಟರ ಹತ್ತಿರ ಹೋದರೆ ವಿಷಯ ಮಗಳಿಗೆ ತಿಳಿದು, ಮಗುವನ್ನು ಬಿಡುವುದಿಲ್ಲ ಎಂದು ಹೋಗದೆ ಇದ್ದದ್ದು. ನಾನು ಹೆಡ್‌ಫೋನು ಹಾಕಿಕೊಂಡ ದಿನ ಅವಳಿಗೆ ಸಮಾಧಾನವೇ ಆಯಿತಂತೆ. ಇನ್ನು ಗೋಡೆಯಾಚೆಯಿಂದ ಯಾರೂ ಕೂಗುವುದಿಲ್ಲ, ಸಿಕ್ಕಿಬೀಳುವುದಿಲ್ಲ ಎಂದು. ನಾನು ಅದನ್ನು ಮುನಿಸು ಎಂದುಕೊಂಡು ಕೂತಿದ್ದೆ.

ಸಂಜೆ ಮಗಳು ಬಂದಾಗ ನಾನು ಕಣ್ಣಲ್ಲೇ ಬೇಡ ಎಂದೆ. ಇವಳು ನೋಡಿಯೂ ನೋಡದ ಹಾಗೆ ಹೇಳಿಯೇಬಿಟ್ಟಳು. ನನಗೆ ಕೇಳಿಸುವುದಿಲ್ಲ, ಒಂದು ದಿನ ಮಗು ಅತ್ತು ಅತ್ತು ಸುಸ್ತಾಗಿತ್ತು, ನಾನು ಪಕ್ಕದಲ್ಲೇ ಇದ್ದೆ, ಈಗೆಲ್ಲ ನಿಮ್ಮಪ್ಪ ಕೇಳಿಸಿಕೊಂಡು ಬರುತ್ತಾರೆ ಎಂದು.

"ಅಪ್ಪನಾ?" ಎಂದಳು ಮಗಳು. "ಅಪ್ಪನಿಗೆ ಯಾವಾಗಿಂದ ಕೇಳಿಸೋಕೆ ಶುರುವಾಯ್ತು?"

ಚಪ್ಪಲಿ ಕಾಲಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಮ್ಮನ ಕಿವಿಯ ಬಗ್ಗೆ ಅತ್ತಳು, ನಾವಿಬ್ಬರೂ ಮುಚ್ಚಿಟ್ಟದ್ದಕ್ಕೆ ಬೈದಳು, ಮತ್ತೆ ಅತ್ತಳು. ನನ್ನ ಮಗುವನ್ನು ಇಟ್ಟುಕೊಂಡು ಇಬ್ಬರೂ ಕಣ್ಣಾಮುಚ್ಚಾಲೆ ಆಡಿದಿರಾ ಎಂದಳು. ಸೋಮವಾರದಿಂದ ಮಗು ಡೇ ಕೇರಿಗೆ. ಅಮ್ಮನನ್ನು ಕಿವಿ ಡಾಕ್ಟರಿಗೆ ತೋರಿಸಿ, ಮೆಷಿನ್ ಹಾಕಿಸಿ, ಆಮೇಲೆ ನೋಡೋಣವಂತೆ.

"ಕಳಿಸು" ಎಂದಳು ಇವಳು. "ನಾನಾಗಿದ್ರೂ ಕಳಿಸ್ತಿದ್ದೆ."

ಡುಮ್ಮಿಯ ಟೋಪಿ, ಹಾಲಿನ ಬಾಟಲಿ, ಬಟ್ಟೆಗಳನ್ನು ಒಂದೊಂದಾಗಿ ತುಂಬಿಕೊಟ್ಟವಳು ಇವಳೇ. ಬಾಗಿಲು ಮುಚ್ಚಿದ ಮೇಲೆ ಮುಲಾಮು ಬೇಕಾ ಎಂದು ಕೇಳಿದೆ, ಬೇಡ ಎಂದು ತಲೆಯಾಡಿಸಿದಳು.

ಜುಲೈ 1, ಸೋಮವಾರ

ಮಹಡಿಯವರ ಡ್ರಿಲ್ಲು ಮುಗಿದಿದೆ. ಟಿವಿ ಹಾಕಿಲ್ಲ. ಮನೆಯಲ್ಲಿ ಹುಳ ಹರಿದರೂ ಕೇಳಬೇಕು, ಅಷ್ಟು ನಿಶ್ಶಬ್ದ. ನಾನು ಕೇಳಿಕೊಂಡದ್ದು ಇದನ್ನೇ ತಾನೇ. ಬೆಳಿಗ್ಗೆಯಿಂದ ಒಂದು ಕರೆಯನ್ನೂ ಪೂರ್ತಿ ಕೇಳಿ ಮುಗಿಸಿಲ್ಲ. ಎರಡು ಸಲ ನೀರು ಕುಡಿಯಲು ಎದ್ದು ಹೋದೆ. ತೊಟ್ಟಿಲಲ್ಲಿ ಇವಳು ಮಡಿಸಿದ ಬಟ್ಟೆ ಪೇರಿಸಿಟ್ಟಿದ್ದಾಳೆ.

ಮಗಳ ಮೆಸೇಜು ಬಂತು. ಮಗು ಚೆನ್ನಾಗಿದೆ, ಒಂದು ಸಲ ಅತ್ತಳಂತೆ, ಆಮೇಲೆ ಆಡಿಕೊಂಡಳಂತೆ. ಗುರುವಾರ ಅಮ್ಮನಿಗೆ ಡಾಕ್ಟರ್. ಹೆಡ್‌ಫೋನು ವಾಪಸು ಕೊಡಲು ನಾಳೆ ಕಡೇ ದಿನ, ಏನು ಮಾಡುತ್ತೀಯ?

ಎದ್ದು ಅಡುಗೆಮನೆಗೆ ಹೋಗಿ ಇವಳ ಎದುರಿಗೆ ನಿಂತು ಎಲ್ಲ ಹೇಳಿದೆ. ಹೆಡ್‌ಫೋನಿನ ವಿಷಯ ಬಂದಾಗ ಇವಳು ಕೈ ಒರೆಸಿಕೊಂಡು, ಅಷ್ಟೊಂದು ಯೋಚನೆ ಮಾಡುವಂಥದ್ದು ಅದರಲ್ಲಿ ಏನಿದೆ ನೋಡೋಣ ಎಂದು ನನ್ನ ಕುತ್ತಿಗೆಯಲ್ಲಿ ಜೋತುಬಿದ್ದಿದ್ದನ್ನು ತೆಗೆದು ತನ್ನ ತಲೆಗೆ ಹಾಕಿಕೊಂಡಳು. ಹೊರಗಿನ ಸದ್ದು ಬಿಡುವ ಗುಂಡಿ ಒತ್ತಿಯೇ ಇತ್ತು. ಈಚೆಗೆ ನಾನು ಅದನ್ನು ಬದಲಾಯಿಸಿಯೇ ಇಲ್ಲ.

ಅಲ್ಲಾಡದೆ ನಿಂತಳು. ನಲ್ಲಿಯ ಕಡೆ ನೋಡಿದಳು, ಫ್ರಿಜ್ಜಿನ ಕಡೆ ನೋಡಿದಳು, ತಾನೇ ಕಾಲು ಸರಿಸಿ ಚಪ್ಪಲಿ ಸದ್ದು ಮಾಡಿ ನೋಡಿದಳು.

"ಈ ಮನೇಲಿ ಇಷ್ಟೊಂದು ಸದ್ದಿದೆಯಾ?" ಎಂದಳು.

ನನಗೆ ನಗು ಬಂತು. ಇದು ಸದ್ದೇ ಅಲ್ಲ, ಡುಮ್ಮಿ ಇದ್ದಾಗ ಕೇಳಬೇಕಿತ್ತು ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವಳು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಬಾಯನ್ನೇ ನೋಡುತ್ತಾ ಕೇಳಿದಳು.

"ಅವಳು ಅಳೋದು ಹೇಗಿರತ್ತೆ? ನನಗೆ ಬಾಯಿ ತೆರೆದದ್ದಷ್ಟೇ ಕಾಣ್ತಿತ್ತು."

ತಿರುಗಣಿಯ ಸದ್ದು ಎಂದು ಹೇಳಲು ನೋಡಿದೆ, ಹೇಳಿದರೆ ಅರ್ಥವಾಗುವಂಥದ್ದಲ್ಲ. ಕಿಟಕಿ ಮುಚ್ಚಿ ಬಂದೆ. ಒಲೆಯ ಮುಂದೆ ನಿಂತು, ನರೆಗಡ್ಡದ ಮುಖವನ್ನು ಆದಷ್ಟು ಸಣ್ಣದು ಮಾಡಿ, ನಿದ್ದೆ ಬಂದಾಗಿನ ರಾಗ ಎಳೆದು ತೋರಿಸಿದೆ. ಆಮೇಲೆ ಬೇಜಾರಿನದ್ದು, ನಡುವೆ ನಿಲ್ಲಿಸಿ ಕಳ್ಳನೋಟ ನೋಡುವುದರ ಸಮೇತ. ಇವಳು ನಗಲಿಲ್ಲ. ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಕೊನೆಗೆ ಹಸಿವಿನದ್ದು ಮಾಡಿದೆ. ಹೆ ಹೆ ಹೆ, ಆಮೇಲೆ ದೊಡ್ಡದು, ಗೋಡೆ ಅದುರುವ ಹಾಗೆ. ಮಹಡಿಯಲ್ಲಿ ಯಾರೋ ಕುರ್ಚಿ ಸರಿಸಿದರು.

ಇವಳ ಮುಖ ಬದಲಾಯಿತು.

"ಅವಳಮ್ಮನೂ ಹೀಗೇ ಅಳ್ತಿದ್ದಳು" ಎಂದಳು. "ಥೇಟ್ ಹೀಗೇ. ಮೊದಲು ಮೂರು ಸಲ ಹೆದರಿಸಿ, ಆಮೇಲೆ ಶುರು ಹಚ್ಕೊಳ್ತಿದ್ದಳು. ನಿಮಗೆ ನೆನಪಿಲ್ವಾ?"

ನನಗೆ ನೆನಪಿರಲಿಲ್ಲ. ಆ ಕಾಲದಲ್ಲಿ ನಾನು ಎಲ್ಲಿದ್ದೆನೋ, ಇದೇ ಮನೆಯಲ್ಲೇ ಇದ್ದಿರಬೇಕು.

"ಇನ್ನೊಂದ್ಸಲ ಮಾಡಿ" ಎಂದಳು.

ಮಾಡಿದೆ. ಈ ಸಲ ಅಷ್ಟು ಚೆನ್ನಾಗಿ ಬರಲಿಲ್ಲ, ಮೂರನೇ ಹೆ ಆದ ಮೇಲೆ ನಿಲ್ಲಿಸಿ ನೀರು ಕುಡಿದೆ, ಮತ್ತೆ ಮೊದಲಿಂದ ಶುರು ಮಾಡಿದೆ.